ಪತ್ರಿಕೆಯಲ್ಲಿ ಅಪರಾಧ ಸುದ್ದಿ: ಓದುವುದು ಹೇಗೆ?



ನಿಮಗೆ ಈಗ ಓದಲು ಬರುತ್ತದೆ. ಬನಶಂಕರಿ ಬಸ್ಸು ಯಾವುದು, ಜಯನಗರದ ಬಸ್ಸು ಯಾವುದು ಎಂದು ಯಾರನ್ನೂ ಕೇಳಬೇಕಿಲ್ಲ. ಬೋರ್ಡು ನೋಡಿ ಹತ್ತುತ್ತೀರಿ. ಇನ್ನು ದಿನಪತ್ರಿಕೆ ಓದೋಣ.

ಪತ್ರಿಕೆ ಬಿಡಿಸಿದರೆ ಮೊದಲು ಕಣ್ಣಿಗೆ ಬೀಳುವುದು ದಪ್ಪ ಅಕ್ಷರ. ಕೊಲೆ, ಸುಲಿಗೆ, ಸರಗಳ್ಳತನ, ಅತ್ಯಾಚಾರ. ಓದಿದರೆ ಭಯ ಆಗುತ್ತದೆ. ಆಮೇಲೆ ನಲ್ಲಿ ಹತ್ತಿರ ಅದೇ ಮಾತು. ಈ ಸುದ್ದಿಯನ್ನು ಭಯಪಡದೆ, ತಿಳಿದು ಓದುವುದು ಹೇಗೆ? ಒಂದೊಂದಾಗಿ ನೋಡೋಣ.

ಇದು ಯಾರ ಮಾತು?

ಒಂದು ಅಪರಾಧ ನಡೆಯಿತು ಅಂದುಕೊಳ್ಳಿ. ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಳ್ಳುತ್ತಾರೆ. ಅದಕ್ಕೆ ಎಫ್‌ಐಆರ್ ಎನ್ನುತ್ತಾರೆ. ವರದಿಗಾರರು ಸಾಮಾನ್ಯವಾಗಿ ಪೊಲೀಸರನ್ನು ಕೇಳಿ ಸುದ್ದಿ ಬರೆಯುತ್ತಾರೆ. ಸಾಲಿನ ಕೊನೆ ನೋಡಿ. ‘ಎಂದು ಪೊಲೀಸರು ತಿಳಿಸಿದ್ದಾರೆ’ ಅಂತ ಇರುತ್ತದೆ. ಇಲ್ಲವೇ ‘ಎನ್ನಲಾಗಿದೆ’ ಅಂತ ಇರುತ್ತದೆ. ಅಂದರೆ ಇದು ಇನ್ನೂ ಸಾಬೀತಾಗಿಲ್ಲ. ಯಾರೋ ಹೇಳಿದ ಮಾತು.

ಆರೋಪಿ ಬೇರೆ, ಅಪರಾಧಿ ಬೇರೆ. ತಪ್ಪು ಮಾಡಿದ್ದಾನೆ ಎಂದು ದೂರು ಇರುವವನು ಆರೋಪಿ. ನ್ಯಾಯಾಲಯ ವಿಚಾರಣೆ ಮಾಡಿ, ತಪ್ಪು ಮಾಡಿದ್ದು ನಿಜ ಎಂದು ಹೇಳಿದ ಮೇಲೆ ಅವನು ಅಪರಾಧಿ. ಹಿಡಿದ ಮಾತ್ರಕ್ಕೆ ಅಪರಾಧಿ ಆಗುವುದಿಲ್ಲ.

ಇನ್ನೊಂದು ತಲೆಬರಹ ನೀವು ಎಷ್ಟೋ ಸಲ ನೋಡಿರುತ್ತೀರಿ. ‘ಶೀಲ ಶಂಕಿಸಿ ಪತ್ನಿಯ ಕೊಲೆ.’ ಇದನ್ನು ನಿಧಾನವಾಗಿ ಓದಿ. ಶಂಕೆ ಯಾರದು? ಗಂಡನದು. ಆ ಮಾತು ಠಾಣೆಯಲ್ಲಿ ಹೇಳಿದವರು ಯಾರು? ಎಷ್ಟೋ ಸಲ ಹಿಡಿದುಕೊಟ್ಟ ಗಂಡನೇ. ಹೆಂಡತಿ ಏನು ಹೇಳುತ್ತಿದ್ದಳು? ಅವಳು ಹೇಳುವ ಹಾಗಿಲ್ಲ, ಸತ್ತುಹೋಗಿದ್ದಾಳೆ. ಓದಿದವರು ಮಾತ್ರ ‘ಅವಳೂ ಏನೋ ಮಾಡಿರಬೇಕು ಬಿಡಿ’ ಅನ್ನುತ್ತಾರೆ. ಕೊಂದವನ ಮಾತು ನಮ್ಮ ಬಾಯಿಗೆ ಬಂತು, ನೋಡಿ. ‘ಅಡುಗೆ ಮಾಡಲಿಲ್ಲ ಎಂದು ಕೊಲೆ’, ‘ಪ್ರೀತಿ ನಿರಾಕರಿಸಿದ್ದಕ್ಕೆ ಕೊಲೆ’ ಅನ್ನುವುದೂ ಹಾಗೇ. ಇವು ಕೊಲೆಗೆ ಕಾರಣ ಅಲ್ಲ. ಕೊಂದವನು ಕೊಟ್ಟ ನೆಪ.

ಹೆಸರು ಯಾಕೆ ಹಾಕುವುದಿಲ್ಲ?

ಅತ್ಯಾಚಾರದ ಸುದ್ದಿಯಲ್ಲಿ ಹೆಣ್ಣಿನ ಹೆಸರು ಇರುವುದಿಲ್ಲ. ‘ಸಂತ್ರಸ್ತೆ’ ಎಂದು ಬರೆಯುತ್ತಾರೆ. ಅಂದರೆ ತೊಂದರೆಗೆ ಒಳಗಾದವಳು. ಹೆಸರು ಹಾಕದೆ ಇರುವುದು ಅವಳಿಗೆ ನಾಚಿಕೆ ಅಂತಲ್ಲ. ಅದು ಅವಳ ಹಕ್ಕು. 1983ರಲ್ಲೇ ಈ ಕಾನೂನು ಬಂತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನಲ್ಲಿ ಇದೆ. ಗುರುತು ಬಯಲು ಮಾಡಿದವರಿಗೆ 2 ವರ್ಷದವರೆಗೆ ಜೈಲು, ದಂಡ.

ಹೆಸರು ಮಾತ್ರ ಅಲ್ಲ. ಮನೆ, ಬೀದಿ, ಗಂಡನ ಹೆಸರು, ಕೆಲಸ ಮಾಡುವ ಜಾಗ ಹೇಳಿದರೂ ಗುರುತು ಸಿಗುತ್ತದೆ. ಅದನ್ನೂ ಹಾಕಬಾರದು. ಆಕೆ ಸತ್ತುಹೋಗಿದ್ದರೂ ಹಾಕಬಾರದು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿತು. ಅದೇ ವರ್ಷ ಜಮ್ಮುವಿನ ಕಡೆಯ ಕಠುವಾದಲ್ಲಿ ಸತ್ತ 8 ವರ್ಷದ ಮಗುವಿನ ಹೆಸರು, ಫೋಟೋ ಹಾಕಿದ ಪತ್ರಿಕೆ, ಟೀವಿಗಳು ತಲಾ 10 ಲಕ್ಷ ರೂಪಾಯಿ ಕಟ್ಟಬೇಕೆಂದು ದೆಹಲಿ ಹೈಕೋರ್ಟು ಆದೇಶ ಮಾಡಿತು.

ಪತ್ರಿಕೆ ಹೆಸರು ಮುಚ್ಚಿಟ್ಟಿತು. ನಾವು ನಲ್ಲಿ ಹತ್ತಿರ ‘ಅವಳೇ, ಆ ಕೊನೇ ಮನೆಯವಳು’ ಎಂದರೆ ಮುಚ್ಚಿಟ್ಟು ಏನು ಪ್ರಯೋಜನ?

ಬಿಟಿಎಂ ಲೇಔಟ್‌ನಲ್ಲಿ ಏನಾಯಿತು?

2025ರ ಏಪ್ರಿಲ್ 3. ಬೆಳಗಾಗಲು ಇನ್ನೂ ಹೊತ್ತಿತ್ತು. ಬಿಟಿಎಂ ಲೇಔಟ್‌ನ ಒಂದು ಗಲ್ಲಿಯಲ್ಲಿ ಇಬ್ಬರು ಹೆಣ್ಣುಮಕ್ಕಳು ನಡೆದು ಹೋಗುತ್ತಿದ್ದರು. ಒಬ್ಬ ಗಂಡಸು ಬಂದು ಒಬ್ಬಳ ಮೈಮೇಲೆ ಕೈ ಹಾಕಿ ಓಡಿಹೋದ. ಬೀದಿಯ ಕ್ಯಾಮೆರಾದಲ್ಲಿ ಅದು ದಾಖಲಾಯಿತು. ಆ ಚಿತ್ರ ಮೊಬೈಲಿನಲ್ಲಿ, ಟೀವಿಯಲ್ಲಿ ಓಡಾಡಿತು. ಆಕೆ ತಾನಾಗಿ ಠಾಣೆಗೆ ಬಂದಿರಲಿಲ್ಲ. ಆದರೂ ಪೊಲೀಸರು ಕೇಸು ದಾಖಲು ಮಾಡಿದರು. ಹತ್ತು ದಿನದ ಮೇಲೆ ಕೇರಳದಲ್ಲಿ ಒಬ್ಬ ಆರೋಪಿಯನ್ನು ಹಿಡಿದರು.

ನಡುವೆ ಗೃಹ ಸಚಿವ ಜಿ. ಪರಮೇಶ್ವರ ಅವರು ಮಾತಾಡಿದರು. ದೊಡ್ಡ ಊರಿನಲ್ಲಿ ಇಂಥದ್ದು ಅಲ್ಲಲ್ಲಿ ನಡೆಯುತ್ತದೆ ಎಂಬ ಅರ್ಥ ಬರುವ ಮಾತು ಅದು. ಬಹಳ ಜನ ಬೇಸರ ಮಾಡಿಕೊಂಡರು. ಮರುದಿನ ಸಚಿವರು ವಿಷಾದ ಹೇಳಿದರು.

ಈಗ ಯೋಚನೆ ಮಾಡಿ. ಸಚಿವರ ಮಾತು ಸುದ್ದಿಯಾಯಿತು. ಕ್ಯಾಮೆರಾದ ಚಿತ್ರ ಸುದ್ದಿಯಾಯಿತು. ‘ಆ ಹೊತ್ತಿನಲ್ಲಿ ಯಾಕೆ ಹೊರಗಿದ್ದರು?’ ಎಂದು ಕೇಳಿದವರೂ ಇದ್ದರು. ನಮ್ಮಲ್ಲಿ ಹೂ ತರಲು ಮಾರುಕಟ್ಟೆಗೆ ನಸುಕಿನಲ್ಲೇ ಹೋಗುವವರು ಇದ್ದಾರೆ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರು ಇದ್ದಾರೆ. ಬೀದಿ ಎಲ್ಲರದು. ಕೇಳಬೇಕಾದ ಪ್ರಶ್ನೆ ಬೇರೆ: ಅವನು ಯಾಕೆ ಹಾಗೆ ಮಾಡಿದ? ಆ ಗಲ್ಲಿಯಲ್ಲಿ ದೀಪ ಸರಿಯಾಗಿ ಇತ್ತೇ? ಪೊಲೀಸ್ ಗಸ್ತು ಇತ್ತೇ?

ಸುದ್ದಿ ಮುಗಿಯುವುದು ಎಂದು?

2013ರ ನವೆಂಬರ್ 19ರಂದು ಬೆಂಗಳೂರಿನ ಕಾರ್ಪೊರೇಷನ್ ಸರ್ಕಲ್ ಬಳಿಯ ಎಟಿಎಂನಲ್ಲಿ ಒಬ್ಬ ಬ್ಯಾಂಕ್ ಅಧಿಕಾರಿ ಮಹಿಳೆಯನ್ನು ಒಬ್ಬ ಮಚ್ಚಿನಿಂದ ಹೊಡೆದ. ಆಕೆ ಬದುಕಿ ಉಳಿದರು. ಟೀವಿಯಲ್ಲಿ ಆ ದೃಶ್ಯ ಮತ್ತೆ ಮತ್ತೆ ಬಂತು. ಕಾವಲುಗಾರರಿಲ್ಲದ ಎಟಿಎಂಗಳನ್ನು ಪೊಲೀಸರು ಮುಚ್ಚಿಸಿದರು. ಹೊಡೆದವನು ಸಿಕ್ಕಿದ್ದು 2017ರಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ. ಶಿಕ್ಷೆ ಆದದ್ದು 2021ರಲ್ಲಿ. ಮೊದಲ ದಿನದ ಸುದ್ದಿಗೂ ತೀರ್ಪಿಗೂ ನಡುವೆ 7 ವರ್ಷ ದಾಟಿತ್ತು. ಅದಕ್ಕೇ ಮೊದಲ ದಿನದ ಸುದ್ದಿ ಓದಿ ತೀರ್ಮಾನ ಮಾಡಬೇಡಿ. ಮುಂದಿನ ಸುದ್ದಿಯನ್ನೂ ಹುಡುಕಿ ಓದಿ. ಅದು ಒಳಪುಟದಲ್ಲಿ ಸಣ್ಣದಾಗಿ ಇರಬಹುದು.

ಸುದ್ದಿಯಲ್ಲಿ ಇಲ್ಲದ ಮಾತು

ತೊಂದರೆಗೆ ಒಳಗಾದವರಿಗೆ ಏನು ಸಹಾಯ ಸಿಗುತ್ತದೆ? ಇದನ್ನು ಪತ್ರಿಕೆ ಪ್ರತಿ ಸಲ ಬರೆಯುವುದಿಲ್ಲ. ನೀವು ತಿಳಿದಿರಿ.

• ಯಾವ ಠಾಣೆಗೆ ಹೋದರೂ ದೂರು ತೆಗೆದುಕೊಳ್ಳಬೇಕು. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದು ಕಳಿಸುವ ಹಾಗಿಲ್ಲ.
• ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು.
• ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು.
• ಅತ್ಯಾಚಾರ, ಆಸಿಡ್ ದಾಳಿ ಆದವರಿಗೆ ಸರ್ಕಾರಿ ಆಸ್ಪತ್ರೆ ಇರಲಿ, ಖಾಸಗಿ ಆಸ್ಪತ್ರೆ ಇರಲಿ, ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಬೇಕು.
• ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಿ ಪರಿಹಾರ ಕೇಳಬಹುದು. ಹೆಂಗಸರಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ.
• ತುರ್ತಿಗೆ 112. ಮಹಿಳಾ ಸಹಾಯವಾಣಿ 181. ಮಕ್ಕಳಿಗೆ 1098.

ಪತ್ರಿಕೆಯಲ್ಲಿ ತಪ್ಪು ಕಂಡರೆ? ಸಂಪಾದಕರಿಗೆ ನಾಲ್ಕು ಸಾಲು ಬರೆಯಿರಿ. ‘ಆ ಹೆಣ್ಣಿನ ಬೀದಿಯ ಹೆಸರು ಯಾಕೆ ಹಾಕಿದಿರಿ?’ ಎಂದು ಕೇಳಿ. ಅವರು ತಿದ್ದಿಕೊಳ್ಳದಿದ್ದರೆ ದೆಹಲಿಯ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಅಕ್ಷರ ಕಲಿತದ್ದು ಓದಲಿಕ್ಕೆ ಮಾತ್ರವಲ್ಲ, ಬರೆದು ಕೇಳಲಿಕ್ಕೂ ಹೌದು.

ಹೊಸ ಪದಗಳು
ಆರೋಪಿ – ತಪ್ಪು ಮಾಡಿದ್ದಾನೆ ಎಂದು ದೂರು ಇರುವವನು
ಅಪರಾಧಿ – ತಪ್ಪು ಸಾಬೀತಾದವನು
ಸಂತ್ರಸ್ತೆ – ತೊಂದರೆಗೆ ಒಳಗಾದವಳು
ಜಾಮೀನು – ಕೇಸು ಮುಗಿಯುವ ಮೊದಲು ಷರತ್ತಿನ ಮೇಲೆ ಬಿಡುಗಡೆ
ತೀರ್ಪು – ನ್ಯಾಯಾಲಯದ ಕೊನೆಯ ಮಾತು

ಕೂಡಿ ಮಾತಾಡಿ
1. ಇವತ್ತಿನ ಪತ್ರಿಕೆಯಲ್ಲಿ ಒಂದು ಅಪರಾಧ ಸುದ್ದಿ ಹುಡುಕಿ ಓದಿ. ಅದರಲ್ಲಿ ಯಾರ ಮಾತು ಇದೆ? ಯಾರ ಮಾತು ಇಲ್ಲ?
2. ‘ಶೀಲ ಶಂಕಿಸಿ ಪತ್ನಿಯ ಕೊಲೆ’ – ಈ ತಲೆಬರಹವನ್ನು ನೀವಾದರೆ ಹೇಗೆ ಬರೆಯುತ್ತೀರಿ?
3. ನಿಮ್ಮ ಬೀದಿಯಲ್ಲಿ ದೀಪ ಇಲ್ಲದ ಜಾಗ ಯಾವುದು? ಅದರ ಬಗ್ಗೆ ಯಾರಿಗೆ ಬರೆಯಬೇಕು?