ಬೆಂಚ್ ಮೇಲೆ 35 ದಿನ

ಥಾಣೆಯ ಘೋಡಬಂದರ್ ರಸ್ತೆ. ಹಿರಾನಂದಾನಿ ಎಸ್ಟೇಟ್ ಹತ್ತಿರ ಟಿಸಿಎಸ್‌ನ ಒಲಿಂಪಸ್ ಕ್ಯಾಂಪಸ್. ಖಾಡಿಯ ಆಚೆ ಐರೋಲಿಯಲ್ಲಿ ಕ್ಯಾಪ್‌ಜೆಮಿನಿ, ಆಕ್ಸೆಂಚರ್. ಈ ಐಟಿ ಕನ್ಸಲ್ಟನ್ಸಿ ನೌಕರಿಯಲ್ಲಿ ಹಿಡಿಸೋದೇನು, ಕಿರಿಕಿರಿಯೇನು?

ಹಿಡಿಸೋದು ಕಲಿಕೆ. ಸಿವಿಲ್ ಎಂಜಿನಿಯರಿಂಗ್ ಓದಿದವರನ್ನೂ ತಗೊಂಡು, ತರಬೇತಿ ಕೊಟ್ಟು ಕೋಡಿಂಗ್‌ಗೆ ಕೂರಿಸ್ತಾರೆ. ಈ ವರ್ಷ ಬ್ಯಾಂಕಿನ ಪ್ರಾಜೆಕ್ಟ್, ಮುಂದಿನ ವರ್ಷ ವಿಮೆಯದ್ದು. ಅದೃಷ್ಟ ಇದ್ರೆ ಆನ್‌ಸೈಟ್, ಅಂದ್ರೆ ವಿದೇಶದಲ್ಲಿ ಕ್ಲೈಂಟ್ ಹತ್ತಿರವೇ ಕೆಲಸ. ಮನೆ ಸಾಲಕ್ಕೆ ಹೋದ್ರೆ ಕಂಪನಿ ಹೆಸರಿಗೇ ಬ್ಯಾಂಕಿನವರು ಕುರ್ಚಿ ಹಾಕ್ತಾರೆ!

ಕಿರಿಕಿರಿನ ಮಾತ್ರ ಸ್ವಲ್ಪ ಬಿಡಿಸಿ ಹೇಳ್ಬೇಕು. ಕನ್ಸಲ್ಟನ್ಸಿ ಮಾರೋದೇ ನಿಮ್ಮ ಗಂಟೆಗಳನ್ನ. ಕ್ಲೈಂಟ್ ದುಡ್ಡು ಕೊಟ್ರೆ ಅದು ಬಿಲ್ಲಿಂಗ್. ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗೋವರೆಗೆ ಬೆಂಚ್. ಆಗ ಸಂಬಳ ಬರುತ್ತೆ, ನಿದ್ದೆ ಬರಲ್ಲ. 2025ರ ಜೂನ್‌ನಲ್ಲಿ ಟಿಸಿಎಸ್ ನಿಯಮ ಬಿಗಿ ಮಾಡ್ತು: ವರ್ಷಕ್ಕೆ 225 ದಿನ ಬಿಲ್ಲಿಂಗ್ ಇರಬೇಕು, ಬೆಂಚ್ 35 ದಿನ ಮೀರಬಾರದು. ಮರುತಿಂಗಳೇ ಸುಮಾರು 12,000 ಜನರನ್ನ ಕಡಿಮೆ ಮಾಡ್ತೀವಿ ಅಂತು. ಏಟು ಹೆಚ್ಚಾಗಿ ಮಧ್ಯಮ, ಹಿರಿಯ ಹಂತದವರಿಗೆ. ಪಕ್ಕಾ ನೌಕರಿ ಅನ್ನೋ ನಂಬಿಕೆ ಅಲ್ಲಾಡಿದ್ದು ಆಗಲೇ.

ಹೊಸಬರ ಸಂಬಳ? ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು. ಹತ್ತು ವರ್ಷದ ಹಿಂದೆಯೂ ಹೆಚ್ಚುಕಮ್ಮಿ ಅಷ್ಟೇ ಇತ್ತು, ಆದ್ರೆ ಥಾಣೆಯ ಮನೆ ಬಾಡಿಗೆ ಅಲ್ಲೇ ನಿಂತಿಲ್ಲ. ಇದರ ಮೇಲೆ ಆಫೀಸಿಗೆ ಹೋಗಿ ಬರೋ ದಾರಿಯಲ್ಲಿ ಗಾಯ್‌ಮುಖ್ ಘಾಟಿನ ಟ್ರಕ್ ಸಾಲು, ಡೊಂಬಿವಲಿ ಲೋಕಲ್ ರೈಲಿನ ನೂಕುನುಗ್ಗಲು. ಅಮೆರಿಕದ ಕ್ಲೈಂಟ್ ಇದ್ರೆ ರಾತ್ರಿ ಕಾಲ್ ಬೇರೆ.

ಸೇರಬೇಡಿ ಅಂತಿಲ್ಲ, ಮೊದಲ ಕೆಲಸಕ್ಕೆ ಇದು ಒಳ್ಳೆಯದೇ. ಆದ್ರೆ ಆಫರ್ ಲೆಟರ್ ಬಂದಾಗ ಸಂಬಳದ ಅಂಕಿ ಒಂದನ್ನೇ ನೋಡಬೇಡಿ. ಬೆಂಚ್ ನಿಯಮ ಏನು, ಯಾವ ಶಿಫ್ಟ್, ನೋಟಿಸ್ ಪಿರಿಯಡ್ 90 ದಿನವಾ? ಸಹಿ ಹಾಕೋ ಮೊದಲೇ ಕೇಳಿಬಿಡಿ.