ನೀಲಿ ನೊಣಹಿಡುಕ ಮತ್ತು ನಮ್ಮ ತೋಟದ ನೆರಳು



ಕೆಮ್ಮಣ್ಣುಗುಂಡಿಯಿಂದ ಹೆಬ್ಬೆ ಜಲಪಾತಕ್ಕೆ ಇಳಿಯುವ ದಾರಿ ಕಾಫಿ ತೋಟಗಳ ನಡುವೆ ಸಾಗುತ್ತದೆ. ಈ ಸೀಮೆಯ ಹಳ್ಳದ ಬದಿಗಳಲ್ಲಿ, ಮರದ ನೆರಳು ದಟ್ಟವಾಗಿರುವ ಕಡೆ, ಗುಬ್ಬಚ್ಚಿಯ ಗಾತ್ರದ ಒಂದು ಹಕ್ಕಿ ವಾಸವಾಗಿದೆ. ಅದೇ ಬಿಳಿಹೊಟ್ಟೆಯ ನೀಲಿ ನೊಣಹಿಡುಕ. ಜೆರ್ಡನ್ ಎಂಬ ಪಕ್ಷಿತಜ್ಞರು 1840ರಲ್ಲಿ ಇದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದರು. ನಮ್ಮ ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದ ಬೇರೆಲ್ಲೂ ಈ ಹಕ್ಕಿ ಇಲ್ಲ.

ಗುರುತಿಸುವುದು ಹೇಗೆ?

ಗಂಡಿನ ಬೆನ್ನು, ಗಂಟಲು, ಎದೆ ಎಲ್ಲವೂ ಕಡುನೀಲಿ. ಹೊಟ್ಟೆ ಮಾತ್ರ ಬಿಳಿ. ಹೆಣ್ಣಿನ ಬೆನ್ನು ಕಂದು. ಗಂಟಲು ಮತ್ತು ಎದೆ ಕಿತ್ತಳೆ. ತೋಟಗಳಲ್ಲಿ ಇದಕ್ಕಿಂತ ಹೆಚ್ಚಾಗಿ ಕಾಣುವ ಟಿಕೆಲ್ ನೊಣಹಿಡುಕವೂ ನೀಲಿಯೇ. ಆದರೆ ಅದರ ಗಂಡಿಗೆ ಎದೆಯ ಮೇಲೆ ಕಿತ್ತಳೆ ಬಣ್ಣವಿರುತ್ತದೆ. ಇಷ್ಟು ನೆನಪಿಟ್ಟರೆ ಗೊಂದಲವಾಗದು.

ಈ ಹಕ್ಕಿ ಮರದ ತುದಿಗೆ ಹೋಗುವುದು ಅಪರೂಪ. ನೆಲಕ್ಕೆ ಹತ್ತಿರದ ಪೊದೆಯಲ್ಲಿ ಅಲುಗದೆ ಕುಳಿತಿದ್ದು, ಹುಳು ಕಂಡೊಡನೆ ಹಾರಿ ಹಿಡಿಯುತ್ತದೆ. ಮುಖ್ಯವಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲದಲ್ಲೇ ಮರಿ ಮಾಡುತ್ತದೆ. ಹಸಿರು ಪಾಚಿಯಿಂದ ಬಟ್ಟಲಿನಂತಹ ಗೂಡು ಕಟ್ಟಿ, ಮರದ ಪೊಟರೆ ಅಥವಾ ಬಂಡೆಯ ಸಂದಿನಲ್ಲಿ ಇಡುತ್ತದೆ. ಆದ್ದರಿಂದ ತಗ್ಗಿನ ಪೊದೆ, ಹಳೆಯ ಬೊಡ್ಡೆ, ತೇವದ ನೆರಳು ಇವು ಹೋದ ಕಡೆ ಹಕ್ಕಿಯೂ ಉಳಿಯುವುದಿಲ್ಲ.

ಬೆಳೆಗಾರನಿಗೆ ಇದರಿಂದೇನು?

ಈ ಪ್ರಶ್ನೆ ನ್ಯಾಯವಾದದ್ದೇ. ಮೊದಲೇ ಹೇಳಿಬಿಡುವುದು ಒಳ್ಳೆಯದು: ನೊಣಹಿಡುಕವನ್ನು ನಂಬಿ ಯಾರೂ ಕೀಟ ನಿಯಂತ್ರಣ ಬಿಡಬಾರದು. ಕಾಂಡದೊಳಗೆ ಸೇರಿದ ಬಿಳಿ ಕಾಂಡಕೊರಕದ ಮರಿಹುಳು ಇದರ ಕೊಕ್ಕಿಗೆ ಎಟಕುವುದಿಲ್ಲ. ಆದರೆ ಹುಳು ತಿನ್ನುವ ಸಣ್ಣ ಹಕ್ಕಿಗಳೆಲ್ಲ ಒಟ್ಟು ಸೇರಿ ಮಾಡುವ ಕೆಲಸ ಚಿಕ್ಕದಲ್ಲ. ಭಾರತದಲ್ಲಿ 1990ರಲ್ಲಿ ಮೊದಲು ನೀಲಗಿರಿಯ ಗೂಡಲೂರಿನಲ್ಲಿ ಕಂಡ ಕಾಯಿಕೊರಕವನ್ನೇ ತೆಗೆದುಕೊಳ್ಳಿ. ಕೋಸ್ಟರಿಕ ದೇಶದಲ್ಲಿ ಕಾಫಿ ಗಿಡಗಳಿಗೆ ಬಲೆ ಹೊದಿಸಿ ಹಕ್ಕಿಗಳನ್ನು ದೂರವಿಟ್ಟು ನೋಡಿದರು. ಹಕ್ಕಿಗಳು ಬರುವ ಗಿಡಗಳಲ್ಲಿ ಕಾಯಿಕೊರಕದ ಹಾವಳಿ ಸುಮಾರು ಅರ್ಧದಷ್ಟು ಕಡಿಮೆ ಇತ್ತು ಎಂದು 2013ರಲ್ಲಿ ಪ್ರಕಟಿಸಿದರು. ಜಮೈಕದ ನೀಲಿ ಬೆಟ್ಟಗಳ ತೋಟಗಳಲ್ಲೂ ಇಂಥದೇ ಫಲಿತಾಂಶ ಬಂದಿತ್ತು. ಅಲ್ಲಿನ ಹಕ್ಕಿಗಳು ಬೇರೆ. ಕೀಟ ಮಾತ್ರ ಅದೇ.

ಇನ್ನೊಂದು ಮುಖ್ಯ ಸಂಗತಿ ಇದೆ. ಬಿಳಿ ಕಾಂಡಕೊರಕದ ದುಂಬಿ ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡಲು ಇಷ್ಟಪಡುತ್ತದೆ. ನೆರಳು ತೆಳುವಾದ ಅರೇಬಿಕ ತೋಟದಲ್ಲಿ ಅದರ ಕಾಟ ಹೆಚ್ಚು. ಅಂದರೆ ಹಕ್ಕಿಯನ್ನು ಉಳಿಸುವ ನೆರಳೇ ಗಿಡವನ್ನೂ ಕಾಯುತ್ತದೆ. ಹಲಸು, ಅತ್ತಿ, ಬಸರಿ, ನಂದಿ ಮುಂತಾದ ಕಾಡುಮರಗಳನ್ನು ತೆಗೆದು ಸಿಲ್ವರ್ ಓಕ್ ಒಂದನ್ನೇ ಸಾಲಾಗಿ ನೆಟ್ಟರೆ ಮೆಣಸು ಹಬ್ಬಿಸಲು ಅನುಕೂಲ, ಮರಕ್ಕೂ ಬೆಲೆ ಬರುತ್ತದೆ, ನಿಜ. ಆದರೆ ಹಲವು ಜಾತಿಯ ಮರಗಳ ನೆರಳಿನಲ್ಲಿ ಬದುಕುವ ಹುಳು, ಹಕ್ಕಿ, ಪಾಚಿಗಳ ಸಂಸಾರ ಅಲ್ಲಿ ಕೂಡಿಬರುವುದಿಲ್ಲ.

ಅಡಿಕೆ ಬೆಳೆಗಾರರಿಗೂ ಈ ಮಾತು ಸಲ್ಲುತ್ತದೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟ ಮತ್ತು ಅದಕ್ಕೆ ಸೊಪ್ಪು ಕೊಡುವ ಬೆಟ್ಟ ಸೇರಿದ ಭೂಭಾಗವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅಲ್ಲಿಯ ಕಾಡಿನ ಹಕ್ಕಿಗಳಲ್ಲಿ ಶೇಕಡ 90ರಷ್ಟು ಜಾತಿಗಳು ಉಳಿದಿವೆ ಎಂದು 2008ರಲ್ಲಿ ವರದಿ ಮಾಡಿದರು. ಬೆಟ್ಟವಿಲ್ಲದೆ ಬರಿಯ ಅಡಿಕೆ ಮರಗಳ ಸಾಲಿನಿಂದ ಇದು ಸಾಧ್ಯವಾಗುತ್ತಿರಲಿಲ್ಲ.

ಸದಸ್ಯರು ಮಾಡಬಹುದಾದದ್ದು

1. ಹಳ್ಳದ ಎರಡೂ ಬದಿಯಲ್ಲಿ ಕೆಲವು ಮಾರು ಅಗಲದ ಪೊದೆಯನ್ನು ಕಡಿಯದೆ ಬಿಡಿ. ಕಳೆನಾಶಕ ಅಲ್ಲಿಗೆ ಬೇಡ. ಮಣ್ಣು ಕೊಚ್ಚಿಹೋಗುವುದೂ ತಪ್ಪುತ್ತದೆ.

2. ಮರಗಸಿ ಮಾಡುವಾಗ ಒಂದೇ ವರ್ಷ ತೋಟವನ್ನೆಲ್ಲ ಬೋಳು ಮಾಡಬೇಡಿ. ಬಿಸಿಲು ನೇರ ಬೀಳುವ ಜಾಗದಲ್ಲಿ ಮೊದಲು ನೆರಳಿನ ಸಸಿ ನೆಡಿ.

3. ಕಾಂಡಕೊರಕದ ದುಂಬಿ ಹಾರುವ ಕಾಲ ಎರಡು: ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್. ಅದಕ್ಕೆ ಮೊದಲೇ ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯಿರಿ. ರೋಗದ ಗಿಡ ಕಿತ್ತು ಸುಡಿ. ಕಂಡಕಂಡಲ್ಲಿ ಔಷಧಿ ಸಿಂಪಡಿಸಿದರೆ ಹುಳುವಿನೊಡನೆ ಹಕ್ಕಿಯ ಊಟವೂ ಹೋಗುತ್ತದೆ.

4. ಕಾಯಿಕೊರಕಕ್ಕೆ ಕೊಯ್ಲಿನ ನಂತರ ಉದುರು ಕಾಯಿ ಆರಿಸುವುದೇ ಮುಖ್ಯ ಉಪಾಯ. ಹಕ್ಕಿ ಸಹಾಯಕ ಮಾತ್ರ.

5. ಹಳೆಯ ಬೊಡ್ಡೆ, ಪೊಟರೆಯ ಮರಗಳನ್ನು ಮಳೆಗಾಲದಲ್ಲಿ ಮುಟ್ಟಬೇಡಿ.

ಬಾಬಾಬುಡನ್ ಅವರು ಏಳು ಬೀಜ ತಂದು ಈ ಗಿರಿಯಲ್ಲಿ ಕಾಫಿ ಬಿತ್ತಿದರೆಂಬುದು ನಾವೆಲ್ಲ ಕೇಳಿದ ಕಥೆ. ಆ ಬೀಜ ಹೊರಗಿನಿಂದ ಬಂದದ್ದು. ಅದಕ್ಕೆ ನೆರಳು ಕೊಟ್ಟ ಕಾಡು, ಆ ಕಾಡಿನ ನೀಲಿ ಹಕ್ಕಿ ಇಲ್ಲಿಯವೇ. ಮುಂದಿನ ಮರಗಸಿಗೆ ಆಳು ಕರೆಯುವ ಮೊದಲು ಒಂದು ಬೆಳಗ್ಗೆ ತೋಟದ ಹಳ್ಳದ ಬಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿ. ನೊಣಹಿಡುಕ ಕಂಡರೆ ಆ ಮೂಲೆಯನ್ನು ಹಾಗೆಯೇ ಬಿಡಿ.