ವಾಹನದ ಎ.ಸಿ.: ಸದ್ದು ಹೆಚ್ಚಿ ಗಾಳಿ ಕಡಿಮೆಯಾದಾಗ

ಈಗ ಹಳ್ಳಿಗಳಲ್ಲೂ ಎ.ಸಿ. ಇರುವ ಕಾರುಗಳು ಸಾಮಾನ್ಯ. ಎ.ಸಿ. ಕ್ಯಾಬಿನ್ ಇರುವ ಟ್ರ್ಯಾಕ್ಟರುಗಳೂ ಬಂದಿವೆ. ಕಣದ ಧೂಳು, ಮಣ್ಣುರಸ್ತೆ, ಮರದಡಿ ವಾಹನ ನಿಲ್ಲಿಸುವ ರೂಢಿ ಇವುಗಳಿಂದ ಗಾಳಿಯ ದಾರಿ ಬೇಗ ಕಟ್ಟಿಕೊಳ್ಳುತ್ತದೆ. ಗಾಳಿ ಕುಗ್ಗಿದೊಡನೆ ಅನೇಕರು ಗ್ಯಾಸ್ ಮುಗಿದಿದೆಯೆಂದು ತಿಳಿದು ತುಂಬಿಸುತ್ತಾರೆ. ಇದರಿಂದ ಹಣ ವ್ಯರ್ಥವಾಗುವುದೇ ಹೊರತು ದೋಷ ನಿವಾರಣೆಯಾಗುವುದಿಲ್ಲ.

ಗಾಳಿಯನ್ನು ದೂಡುವುದು ಬ್ಲೋಯರ್. ಅದನ್ನು ತಂಪುಗೊಳಿಸುವುದು ಗ್ಯಾಸು ಮತ್ತು ಕಂಪ್ರೆಸರ್. ಗಾಳಿ ಜೋರಾಗಿದ್ದು ತಂಪಿಲ್ಲದಿದ್ದರೆ ಮಾತ್ರ ಗ್ಯಾಸಿನ ಕಡೆ ನೋಡಬೇಕು. ಗಾಳಿಯೇ ಕಡಿಮೆಯಿದ್ದರೆ ಫಿಲ್ಟರ್, ಬ್ಲೋಯರ್ ಮತ್ತು ಕೂಲಿಂಗ್ ಕಾಯಿಲನ್ನು ಪರೀಕ್ಷಿಸಬೇಕು.

ಸದ್ದಿನ ಮೂಲ ತಿಳಿಯುವ ಕ್ರಮ

ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿ, ಬ್ಲೋಯರನ್ನು ಒಂದೊಂದೇ ವೇಗದಲ್ಲಿ ಓಡಿಸಿರಿ.

1. ವೇಗದೊಡನೆ ‘ಟಕಟಕ’ ಸದ್ದು ಹೆಚ್ಚಿದರೆ ಒಣ ಎಲೆ ಅಥವಾ ಕಡ್ಡಿ ಫ್ಯಾನಿಗೆ ಸಿಕ್ಕಿರಬಹುದು. ಇಲಿಗಳು ತಂದಿಟ್ಟ ಕಸವೂ ಇರಬಹುದು.
2. ‘ಕೀಚ್’ ಎಂಬ ಸದ್ದು ಮೋಟಾರಿನ ಬುಷ್ ಅಥವಾ ಬೇರಿಂಗ್ ಸವೆದುದರ ಲಕ್ಷಣ.
3. ಈಗ ಸದ್ದಿಲ್ಲದೆ, ಎಂಜಿನ್ ಓಡುವಾಗ ಎ.ಸಿ. ಹಾಕಿದೊಡನೆ ಸದ್ದು ಬಂದು, ಎಂಜಿನ್ ವೇಗದೊಡನೆ ಏರಿದರೆ ಬೆಲ್ಟ್ ಅಥವಾ ಕಂಪ್ರೆಸರಿನಲ್ಲಿ ದೋಷವಿದೆ.

ಎ.ಸಿ. ಹಾಕಿದಾಗ ‘ಟಕ್’ ಎಂದು ಒಮ್ಮೆ ಕೇಳುವುದು, ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತು ‘ಸುಯ್’ ಎನ್ನುವುದು ಸಹಜ. ಇವುಗಳಿಗೆ ಹೆದರಬೇಕಾಗಿಲ್ಲ.

ಗಾಳಿ ಕಡಿಮೆಯಾಗಲು ಕಾರಣಗಳು

ಮುಖ್ಯ ಕಾರಣ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಳ್ಳುವುದು. ಬಹುತೇಕ ಕಾರುಗಳಲ್ಲಿ ಇದು ಮುಂದಿನ ಸೀಟಿನೆದುರಿನ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ಫಿಲ್ಟರನ್ನು ತೆಗೆದು, ಸ್ವಲ್ಪ ಹೊತ್ತು ಬ್ಲೋಯರ್ ಓಡಿಸಿ ನೋಡಿರಿ. ಗಾಳಿ ಜೋರಾದರೆ ಕಾರಣ ಸಿಕ್ಕಿದಂತೆ. ಕಾಗದದ ಫಿಲ್ಟರನ್ನು ತೊಳೆಯಬಾರದು, ಬದಲಿಸಬೇಕು. ಹೊಸದನ್ನು ಅದರ ಮೇಲಿನ ಬಾಣದ ಗುರುತು ನೋಡಿ ಕೂರಿಸಬೇಕು. ಧೂಳಿನ ಪ್ರದೇಶದಲ್ಲಿ ಕೈಪಿಡಿ ಹೇಳುವ ಅವಧಿಗಿಂತ ಮೊದಲೇ ಬದಲಿಸುವುದು ಲೇಸು.

ಬ್ಲೋಯರ್ ಅತಿ ಹೆಚ್ಚಿನ ವೇಗದಲ್ಲಿ ಮಾತ್ರ ಓಡಿದರೆ ಸಾಮಾನ್ಯವಾಗಿ ರೆಸಿಸ್ಟರ್ ಸುಟ್ಟಿರುತ್ತದೆ. ಮೊದಲು ಚೆನ್ನಾಗಿದ್ದ ಗಾಳಿ ಅರ್ಧ ಗಂಟೆಯ ನಂತರ ಕುಗ್ಗಿ, ಎ.ಸಿ. ನಿಲ್ಲಿಸಿದ ಮೇಲೆ ಮತ್ತೆ ಸರಿಹೋದರೆ ಕಾಯಿಲಿನ ಮೇಲೆ ಮಂಜುಗಟ್ಟುತ್ತಿದೆಯೆಂದು ತಿಳಿಯಬೇಕು. ಕಟ್ಟಿದ ಫಿಲ್ಟರ್, ಕೆಟ್ಟ ತಾಪ ನಿಯಂತ್ರಕ ಅಥವಾ ಕಡಿಮೆ ಗ್ಯಾಸ್ ಇದಕ್ಕೆ ಕಾರಣ. ಗ್ಯಾಸ್ ಬಳಕೆಯಿಂದ ಖರ್ಚಾಗುವ ವಸ್ತುವಲ್ಲ. ಅದು ಕಡಿಮೆಯಾಗಿದ್ದರೆ ಸೋರಿಕೆ ಇದೆಯೆಂದೇ ಅರ್ಥ. ಸೋರಿಕೆ ಮುಚ್ಚಿಸದೆ ತುಂಬಿಸಬೇಡಿರಿ.

ಮುನ್ನೆಚ್ಚರಿಕೆಗಳು

* ಗ್ಯಾಸಿನ ಕೊಳವೆಗಳನ್ನು ಸ್ವತಃ ಬಿಚ್ಚಬಾರದು. ಒತ್ತಡದಲ್ಲಿರುವ ಗ್ಯಾಸ್ ಚಿಮ್ಮಿದರೆ ಕಣ್ಣಿಗೂ ಚರ್ಮಕ್ಕೂ ಅಪಾಯ.
* ಎಂಜಿನ್ ಓಡುವಾಗ ಬೆಲ್ಟಿನ ಬಳಿ ಕೈ ಹಾಕಬಾರದು.
* ಟ್ರ್ಯಾಕ್ಟರ್ ಕ್ಯಾಬಿನ್ನಿನ ಸಾಮಾನ್ಯ ಫಿಲ್ಟರ್ ಧೂಳನ್ನು ತಡೆಯುತ್ತದೆ, ಕೀಟನಾಶಕದ ಆವಿಯನ್ನಲ್ಲ. ಸಿಂಪಡಿಸುವಾಗ ರಕ್ಷಣಾ ಮುಖವಾಡ ಧರಿಸಲೇಬೇಕು. ಅನಂತರ ಫಿಲ್ಟರ್ ತೆಗೆಯುವಾಗ ಕೈಗವಸೂ ಇರಲಿ.
* ವಾಹನದ ಮುಂಗಾಜಿನ ಬುಡದಲ್ಲಿ ಬೀಳುವ ಎಲೆಗಳನ್ನು ವಾರಕ್ಕೊಮ್ಮೆ ತೆಗೆಯಿರಿ.

ಮಳೆಗಾಲದಲ್ಲಿ ಮುಂಗಾಜಿನ ಒಳಮಂಜನ್ನು ತೆಗೆಯುವುದೂ ಇದೇ ಗಾಳಿ. ಆದ್ದರಿಂದ ಈ ತಪಾಸಣೆಯನ್ನು ಮುಂಗಾರಿಗೆ ಮೊದಲೇ ಮುಗಿಸುವುದು ಕ್ಷೇಮ.